ಕರ್ನಲ್‌ನ ಮೆಮೊರಿ ಲೆಕ್ಕದ ಕೋಡ್ ಸರಳ ಮಾಡುವುದು ಹೇಗೆ?

ಲಿನಕ್ಸ್ ಕರ್ನಲ್‌ನ ಎಂಎಂ ಫೋಲ್ಡರ್‌ನಲ್ಲಿರುವ ‘ಮೆಮ್‌ಕಂಟ್ರೋಲ್’ ಅನ್ನುವ ಸಿ ಫೈಲ್ ತೆರೆದು ನೋಡಿ. ಮೊದಲು ಸಿಗುವುದು ಕಾಪಿರೈಟ್ ಸಾಲುಗಳು. 2007ರಲ್ಲಿ ಐಬಿಎಂನಿಂದ ಬಲಬೀರ್ ಸಿಂಗ್, ಓಪನ್‌ವಿಝಡ್ ಕಡೆಯಿಂದ ಪಾವೆಲ್ ಎಮೆಲ್ಯಾನೋವ್. 2009ರಲ್ಲಿ ನೋಕಿಯಾ. 2012ರಲ್ಲಿ ಪ್ಯಾರಲಲ್ಸ್ ಮತ್ತು ಗೂಗಲ್. 2015ರಲ್ಲಿ ರೆಡ್ ಹ್ಯಾಟ್. 2020ರಲ್ಲಿ ಅಲಿಬಾಬಾ. ಫೋನ್ ಮಾಡುವವರಿಗೆ ಬೇಕಾದದ್ದು ಒಂದು, ಸರ್ವರ್ ಬಾಡಿಗೆಗೆ ಕೊಡುವವರಿಗೆ ಬೇಕಾದದ್ದು ಇನ್ನೊಂದು. ಎಲ್ಲರೂ ತಮಗೆ ಬೇಕಾದ್ದನ್ನು ಸೇರಿಸಿದರು. ಕೋಡ್ ಬೆಳೆಯುತ್ತಾ ಹೋಯಿತು.

ಈ ಫೈಲ್‌ನ ಕೆಲಸ ಇಷ್ಟೇ: ಯಾವ ಸಿಗ್ರೂಪ್ (ಮಿತಿ ಹಾಕಲು ಒಟ್ಟು ಸೇರಿಸಿದ ಪ್ರೋಸೆಸ್‌ಗಳ ಗುಂಪು) ಎಷ್ಟು ಮೆಮೊರಿ ಬಳಸಿದೆ ಅಂತ ಲೆಕ್ಕ ಇಡುವುದು, ಮಿತಿ ದಾಟಿದರೆ ತಡೆಯುವುದು. ಡಾಕರ್ ಕಂಟೇನರ್‌ಗೆ ನೀವು ಹಾಕುವ ಮೆಮೊರಿ ಮಿತಿ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಕುಬರ್ನೆಟೀಸ್‌ನಲ್ಲಿ ಪಾಡ್ ಮೆಮೊರಿ ಮಿತಿ ಮುಟ್ಟಿ ಸತ್ತರೆ, ಆ ತೀರ್ಪಿನ ಹಿಂದೆ ಇರುವುದೂ ಇದೇ ಲೆಕ್ಕ. ಹಾಗಾಗಿ ಇಲ್ಲಿ ‘ಸ್ವಲ್ಪ ಕ್ಲೀನ್ ಮಾಡೋಣ’ ಅಂತ ಸುಮ್ನೆ ಕೈ ಹಾಕುವಂತಿಲ್ಲ. ಆದರೆ ಕೈ ಹಾಕಲೇಬಾರದು ಅಂತಲೂ ಇಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇಲ್ಲಿಂದ ರಾಶಿಗಟ್ಟಲೆ ಕೋಡ್ ಹೊರಹೋಗಿದೆ, ಮತ್ತು ಅದು ಹೋದ ರೀತಿಯಲ್ಲಿ ಕಲಿಯಲು ತುಂಬಾ ಇದೆ.

ಈ ಲೇಖನ ಸಿ ಭಾಷೆ ಗೊತ್ತಿದ್ದು, ಒಮ್ಮೆಯಾದರೂ ಕರ್ನಲ್ ಬಿಲ್ಡ್ ಮಾಡಿದವರಿಗೆ. ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಹುಡುಕುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಸೇರಿಸಿಕೊಳ್ಳಿ.

ಮೊದಲೇ ಒಂದು ಮಾತು. ಉದ್ದದ ಫಂಕ್ಷನ್ ಒಡೆಯುವುದು, ಹೆಸರು ಬದಲಿಸುವುದು, ನಾಲ್ಕು ಸಾಲನ್ನು ಎರಡು ಮಾಡುವುದು, ಇದನ್ನೆಲ್ಲ ಬದಿಗಿಡಿ. ಮೆಮೊರಿ ಲೆಕ್ಕದ ಕೋಡ್ ಜಟಿಲವಾಗುವುದು ‘ಯಾವಾಗ ಬರೆಯಬೇಕು, ಯಾವಾಗ ಅಳಿಸಬೇಕು’ ಅನ್ನುವ ನಿಯಮಗಳು ಜಾಸ್ತಿಯಾದಾಗ. ಒಂದು ನಿಯಮ ಕಡಿಮೆ ಮಾಡಿ, ಅದರ ಹಿಂದೆಯೇ ನೂರು ಸಾಲು ಉದುರುತ್ತದೆ.

ಹಂತ 1: ಒಂದು ಪೇಜ್‌ನ ಜಾತಕ ಬರೆಯಿರಿ

ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು 4 ಕೆಬಿ ಪೇಜ್ (ಕರ್ನಲ್ ಮೆಮೊರಿ ಹಂಚುವ ತುಂಡು) ಹುಟ್ಟುವುದರಿಂದ ಸಾಯುವವರೆಗೆ ಏನೇನಾಗುತ್ತದೆ ಅಂತ ಬರೆಯಿರಿ. ಎಲ್ಲಿ ಅಲೋಕೇಟ್ ಆಯಿತು, ಯಾವ ಸಾಲಿನಲ್ಲಿ ಚಾರ್ಜ್ ಆಯಿತು (ಸಿಗ್ರೂಪ್‌ನ ಲೆಕ್ಕಕ್ಕೆ ಸೇರಿತು), ಅದರ ಮಾಲೀಕ ಯಾರೆಂದು ಯಾವ ಪಾಯಿಂಟರ್ ಹೇಳುತ್ತದೆ, ಎಲ್‌ಆರ್‌ಯು ಪಟ್ಟಿಗೆ (ಬಹಳ ಹೊತ್ತಿನಿಂದ ಬಳಸದ ಪೇಜ್‌ಗಳನ್ನು ಮೊದಲು ಗುರುತಿಸುವ ಪಟ್ಟಿ) ಯಾವಾಗ ಸೇರಿತು, ಯಾವ ಸಾಲಿನಲ್ಲಿ ಅನ್‌ಚಾರ್ಜ್ ಆಯಿತು, ಅಂದರೆ ಲೆಕ್ಕದಿಂದ ಹೊರಬಂತು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ: ಯಾರ ಹೆಸರಲ್ಲಿ ಬರೆದಿರಿ, ಯಾವಾಗ ಹೊಡೆದು ಹಾಕಿದಿರಿ, ಇವೆರಡು ಗೊತ್ತಿದ್ದರೆ ಲೆಕ್ಕ ಸರಿ. ನಾಲ್ಕು ಥರದ ಗಿರಾಕಿಗೆ ನಾಲ್ಕು ಥರ ಹೊಡೆದು ಹಾಕುವ ಪದ್ಧತಿ ಇಟ್ಟುಕೊಂಡರೆ ಗೊಂದಲ ಶುರು.

ಕರ್ನಲ್‌ನಲ್ಲಿ 2014ರ ತನಕ ಇದ್ದದ್ದು ಹೆಚ್ಚುಕಡಿಮೆ ಅದೇ. ಪ್ರೋಗ್ರಾಮ್‌ನ ಸ್ವಂತ ಮೆಮೊರಿ, ಅಂದರೆ ಅನಾನಿಮಸ್ ಪೇಜ್ ಆದರೆ, ಕೊನೆಯ ಮ್ಯಾಪಿಂಗ್ ತೆಗೆದಾಗ ಅನ್‌ಚಾರ್ಜ್. ಫೈಲ್‌ನ ಪೇಜ್ ಆದರೆ ಪೇಜ್ ಕ್ಯಾಶ್‌ನಿಂದ ತೆಗೆದಾಗ. ಸ್ವಾಪ್ ಕ್ಯಾಶ್‌ನಲ್ಲಿರುವ ಪೇಜ್‌ಗೆ ಬೇರೆ ದಾರಿ. ಪ್ರತಿಯೊಂದಕ್ಕೂ ಬೇರೆ ಫಂಕ್ಷನ್, ಬೇರೆ ಚಾರ್ಜ್ ಟೈಪ್. 2014ರ ಆಗಸ್ಟ್‌ನಲ್ಲಿ ಕರ್ನಲ್ ಡೆವಲಪರ್ ಯೋಹಾನೆಸ್ ವೈನರ್ ಅವರ ಪ್ಯಾಚ್‌ಗಳು ಕರ್ನಲ್‌ನ 3.17ನೇ ಆವೃತ್ತಿಗೆ ಸೇರಿದವು. ಹೊಸ ನಿಯಮ ಒಂದೇ: ಪೇಜ್‌ನ ಕೊನೆಯ ರೆಫರೆನ್ಸ್ ಬಿಟ್ಟು ಅದು ನಿಜವಾಗಿ ಫ್ರೀ ಆಗುವಾಗ ಅನ್‌ಚಾರ್ಜ್. ಅದು ಯಾವ ಥರದ ಪೇಜ್ ಅನ್ನುವುದು ಲೆಕ್ಕಕ್ಕೆ ಬರುವುದೇ ಇಲ್ಲ.

ನಿಮ್ಮ ಜಾತಕದಲ್ಲೂ ಇದನ್ನೇ ಹುಡುಕಿ. ಒಂದೇ ಘಟನೆಗೆ ಎರಡು ಮೂರು ಬಾಗಿಲು ಕಂಡರೆ ಅಲ್ಲಿ ಗುರುತು ಹಾಕಿ.

ಹಂತ 2: ‘ಇದು ಯಾಕಿದೆ?’ ಅಂತ ಗಿಟ್‌ನ ಕೇಳಿ

ಗುರುತು ಹಾಕಿದ ಕೋಡ್ ಬೇಡ ಅನ್ನಿಸಿದರೆ ಅಳಿಸುವ ಮುಂಚೆ ಅದರ ಕಾರಣ ಹುಡುಕಬೇಕು. ಗಿಟ್ ಬ್ಲೇಮ್‌ನಿಂದ ಶುರು ಮಾಡಿ, ಆದರೆ ಅದು ಸಾಮಾನ್ಯವಾಗಿ ಕೊನೆಯ ಸ್ಪೇಸ್ ಬದಲಾವಣೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಫಂಕ್ಷನ್ ಹೆಸರು ಹಾಕಿದರೆ, ಪಟ್ಟಿಯ ಕೊನೆಯಲ್ಲಿ ಆ ಹೆಸರು ಮೊದಲು ಬಂದ ಕಮಿಟ್ ಸಿಗುತ್ತದೆ. ಕರ್ನಲ್‌ನ ಈ ಭಾಗದಲ್ಲಿ ಕಮಿಟ್ ಸಂದೇಶಗಳು ಉದ್ದವಾಗಿರುತ್ತವೆ, ಮತ್ತು ಚೆನ್ನಾಗಿರುತ್ತವೆ. ಎಷ್ಟೋ ಸಲ ಕೋಡ್‌ಗಿಂತ ಸಂದೇಶ ಓದುವುದೇ ಲಾಭ.

ಓದುವಾಗ ಕೇಳಬೇಕಾದ ಪ್ರಶ್ನೆ: ಆಗ ಹೇಳಿದ ಕಾರಣ ಈಗಲೂ ಜೀವಂತವಾಗಿದೆಯಾ?

ಒಂದು ಉದಾಹರಣೆ. ಪೇಜ್‌ನ ಮಾಲೀಕ ಯಾರು ಅನ್ನುವ ಮಾಹಿತಿ ಮೊದಲು ‘ಪೇಜ್ ಸಿಗ್ರೂಪ್’ ಅನ್ನುವ ಪ್ರತ್ಯೇಕ ಅರೇಯಲ್ಲಿ ಇತ್ತು. ಯಾಕೆ? ಪ್ರತಿ ಪೇಜ್‌ಗೆ ಐದು ಪಾಯಿಂಟರ್‌ನಷ್ಟು ಜಾಗ ಬೇಕಿತ್ತು. ಸಿಗ್ರೂಪ್ ಬಳಸದವರ ಮೇಲೆ ಆ ಭಾರ ಹೇರಬಾರದು ಅಂತ, ಬೇಡ ಅಂದರೆ ಬೂಟ್ ಸಮಯದಲ್ಲೇ ಆಫ್ ಮಾಡುವ ಹಾಗೆ ಬೇರೆ ಇಟ್ಟಿದ್ದರು. ಆಗಿನ ಮಟ್ಟಿಗೆ ಸರಿಯಾದ ಕಾರಣವೇ. ಆದರೆ ವರ್ಷಗಳು ಕಳೆದಂತೆ ಒಂದೊಂದೇ ಪಾಯಿಂಟರ್ ಹೋಗಿ ಕೊನೆಗೆ ಒಂದೇ ಉಳಿಯಿತು. 4096 ಬೈಟ್‌ನ ಪೇಜ್‌ಗೆ 8 ಬೈಟ್, ಅಂದರೆ ಶೇ 0.2ಕ್ಕೂ ಕಡಿಮೆ. ಅಷ್ಟು ಉಳಿಸಲು ಒಂದು ಅರೇ, ಅದರ ಬೂಟ್ ಸಮಯದ ಅಲೋಕೇಶನ್, ಮೆಮೊರಿ ಹಾಟ್‌ಪ್ಲಗ್ ಆದಾಗ ಅದನ್ನು ಬೆಳೆಸುವ ಕೋಡ್, ಪ್ರತಿ ಸಲ ಹುಡುಕುವ ಖರ್ಚು. 3.19ರಲ್ಲಿ ಆ ಪಾಯಿಂಟರ್ ನೇರವಾಗಿ ‘ಸ್ಟ್ರಕ್ಟ್ ಪೇಜ್’ ಒಳಗೇ ಬಂತು, ಆ ಅರೇಯನ್ನು ನಿಭಾಯಿಸುವ ಕೋಡೆಲ್ಲ ಹೋಯಿತು.

ಕಾರಣ ಇನ್ನೂ ಜೀವಂತ ಇದ್ದರೆ ಆ ಗುರುತು ಅಳಿಸಿ ಮುಂದಕ್ಕೆ ಹೋಗಿ. ಜಗಳ ಬೇಡ.

ಹಂತ 3: ಚಾರ್ಜ್ ಮಾಡುವ ಕ್ಷಣವನ್ನು ಹಿಂದಕ್ಕೆ ತನ್ನಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಹಾಗಾಗಿ ಒಂದು ನಿಜವಾದ ಪ್ರಕರಣವನ್ನು ಹತ್ತಿರದಿಂದ ನೋಡೋಣ.

5.8ಕ್ಕಿಂತ ಮುಂಚೆ ಒಂದು ಅನಾನಿಮಸ್ ಪೇಜ್ ಫಾಲ್ಟ್ ಆದಾಗ, ಅಂದರೆ ಪ್ರೋಗ್ರಾಮ್ ಇನ್ನೂ ಪೇಜ್ ಸಿಗದ ವಿಳಾಸ ಮುಟ್ಟಿದಾಗ, ನಡೆಯುತ್ತಿದ್ದದ್ದು ಹೀಗೆ. ಪೇಜ್ ಅಲೋಕೇಟ್ ಮಾಡು. ‘ಟ್ರೈ ಚಾರ್ಜ್’ ಕರೆ, ಅದು ಒಂದು ಮೆಮ್‌ಸಿಜಿ (ಮೆಮೊರಿ ಸಿಗ್ರೂಪ್) ಪಾಯಿಂಟರನ್ನು ವಾಪಸ್ ಕೊಡುತ್ತದೆ, ಅದನ್ನು ಕೈಯಲ್ಲಿ ಹಿಡಿದುಕೋ. ಪೇಜ್ ಟೇಬಲ್ ಲಾಕ್ ತಗೋ. ಅಷ್ಟರಲ್ಲಿ ಬೇರೆ ಥ್ರೆಡ್ ಅದೇ ವಿಳಾಸ ತುಂಬಿದ್ದರೆ ‘ಕ್ಯಾನ್ಸಲ್ ಚಾರ್ಜ್’ ಕರೆ, ಆಮೇಲೆ ಪೇಜ್ ಬಿಡು. ಇಲ್ಲದಿದ್ದರೆ ರಿವರ್ಸ್ ಮ್ಯಾಪ್‌ಗೆ (ಪೇಜ್ ಎಲ್ಲೆಲ್ಲಿ ಮ್ಯಾಪ್ ಆಗಿದೆ ಅನ್ನುವ ದಾಖಲೆ) ಸೇರಿಸು, ಆಮೇಲೆ ‘ಕಮಿಟ್ ಚಾರ್ಜ್’ ಕರೆ, ಆಮೇಲೆ ಎಲ್‌ಆರ್‌ಯುಗೆ ಸೇರಿಸು. ಈ ಕ್ರಮ ಹಿಂದೆ ಮುಂದೆ ಆಗುವಂತಿಲ್ಲ.

ಫಾಲ್ಟ್‌ನ ಬೇರೆ ಬೇರೆ ದಾರಿ, ಹ್ಯೂಜ್ ಪೇಜ್, ಶೇರ್ಡ್ ಮೆಮೊರಿ, ಯೂಸರ್‌ಫಾಲ್ಟ್‌ಎಫ್‌ಡಿ, ಎಲ್ಲ ಕಡೆಯೂ ಇದೇ ಮೂರು ಹೆಜ್ಜೆಯ ಕುಣಿತ. ಪ್ರತಿ ಎರರ್ ದಾರಿಯಲ್ಲೂ ಕ್ಯಾನ್ಸಲ್ ಮರೆಯಬಾರದು. ಹೊಸದಾಗಿ ಪೇಜ್ ಅಲೋಕೇಟ್ ಮಾಡುವ ಕೋಡ್ ಬರೆಯುವವರಿಗೆ ತಲೆನೋವು.

ಮೂರು ಹೆಜ್ಜೆ ಯಾಕೆ ಬೇಕಿತ್ತು? ಎರಡು ಕಾರಣ. ಒಂದು, ಪೇಜ್ ಕ್ಯಾಶ್‌ನಿಂದ ತೆಗೆದಾಗ ಅನ್‌ಚಾರ್ಜ್ ಆಗುತ್ತಿದ್ದ ಕಾಲದಲ್ಲಿ, ಕ್ಯಾಶ್‌ಗೆ ಸೇರಿದ್ದು ಖಚಿತವಾಗದೆ ಚಾರ್ಜ್ ಖಾಯಂ ಮಾಡುವಂತಿರಲಿಲ್ಲ. ಈ ಕಾರಣ 2014ರಲ್ಲೇ ಸತ್ತಿತ್ತು. ವಿಚಿತ್ರ ಅಂದರೆ ಈ ಟ್ರೈ, ಕಮಿಟ್, ಕ್ಯಾನ್ಸಲ್ ಹೆಜ್ಜೆಗಳು ಎಲ್ಲ ಥರದ ಪೇಜ್‌ಗೂ ಒಂದೇ ಆಗಿ ಬಂದದ್ದೂ ಅದೇ 2014ರ ಸರಳೀಕರಣದಲ್ಲಿ. ಆಗಿನ ಅವ್ಯವಸ್ಥೆಗೆ ಹೋಲಿಸಿದರೆ ಅದೇ ದೊಡ್ಡ ಸುಧಾರಣೆ ಅಲ್ವಾ? ಎರಡು, ಮೆಮ್‌ಸಿಜಿ ತನ್ನದೇ ಖಾಸಗಿ ಕೌಂಟರ್‌ಗಳಲ್ಲಿ ‘ಅನಾನಿಮಸ್ ಇಷ್ಟು, ಕ್ಯಾಶ್ ಇಷ್ಟು’ ಅಂತ ಎಣಿಸುತ್ತಿತ್ತು. ಚಾರ್ಜ್ ಮಾಡುವಾಗ ಪೇಜ್ ಯಾವ ಥರದ್ದು ಅಂತ ಗೊತ್ತಿರಬೇಕಿತ್ತು. ಮ್ಯಾಪಿಂಗ್ ಆಗುವ ತನಕ ಅದು ಗೊತ್ತಾಗುತ್ತಿರಲಿಲ್ಲ.

ಈಗ ನೋಡಿ, ಗಂಟು ಬಿಚ್ಚಿದ್ದು ಹೇಗೆ. ಅನಾನಿಮಸ್ ಎಷ್ಟು, ಫೈಲ್ ಎಷ್ಟು ಅಂತ ಕರ್ನಲ್‌ನ ಉಳಿದ ಭಾಗ ಹೇಗೂ ಎಣಿಸುತ್ತದೆ, ಸರಿಯಾದ ಜಾಗದಲ್ಲೇ. ಮೆಮ್‌ಸಿಜಿ ಆ ಕೌಂಟರ್‌ಗಳನ್ನೇ ತನ್ನ ಗ್ರೂಪ್ ಮಟ್ಟದಲ್ಲಿ ಬಳಸಲಿ, ಖಾಸಗಿ ಲೆಕ್ಕ ನಿಲ್ಲಿಸಲಿ. ಹಾಗೆ ಮಾಡಿದ ಕೂಡಲೇ ಚಾರ್ಜ್‌ಗೆ ಪೇಜ್‌ನ ಕುಲಗೋತ್ರ ಬೇಕಾಗಲಿಲ್ಲ. ಅಲೋಕೇಟ್ ಆದ ಮರುಕ್ಷಣವೇ ‘ಮೆಮ್ ಸಿಗ್ರೂಪ್ ಚಾರ್ಜ್’ ಅನ್ನುವ ಒಂದೇ ಕರೆ ಸಾಕು. ಮುಂದೆ ಏನಾದರೂ ಕೆಟ್ಟರೆ ಪೇಜ್ ಬಿಟ್ಟರಾಯಿತು. ಫ್ರೀ ಆಗುವಾಗ ಅನ್‌ಚಾರ್ಜ್ ತಾನಾಗೇ ಆಗುತ್ತದೆ. ಕ್ಯಾನ್ಸಲ್ ಅನ್ನುವ ಹೆಜ್ಜೆಯೇ ಮಾಯ.

ಅದೇ ಸರಣಿಯಲ್ಲಿ ಇನ್ನೊಂದು ಲಾಭವೂ ಬಂತು. ಮೊದಲು ಸ್ವಾಪ್‌ನಿಂದ ಓದಿದ ಪೇಜ್, ಯಾರಾದರೂ ಮುಟ್ಟುವ ತನಕ ಚಾರ್ಜ್ ಆಗದೆ ಎಲ್‌ಆರ್‌ಯುನಲ್ಲಿ ಕೂತಿರುತ್ತಿತ್ತು. ಚಾರ್ಜ್ ಆದಮೇಲೆ ಅದನ್ನು ಒಂದು ಪಟ್ಟಿಯಿಂದ ಕಿತ್ತು ಇನ್ನೊಂದಕ್ಕೆ ಹಾಕುವ ವಿಶೇಷ ಕೋಡ್ ಬೇಕಿತ್ತು. ಸ್ವಾಪ್ ಕ್ಯಾಶ್‌ಗೆ ಬರುವಾಗಲೇ ಚಾರ್ಜ್ ಮಾಡಿದ್ದರಿಂದ ಆ ಕೋಡೂ ಹೋಯಿತು.

ನಿಮ್ಮ ಕೋಡ್‌ನಲ್ಲಿ ಇದನ್ನು ಅನ್ವಯಿಸುವ ರೀತಿ: ಚಾರ್ಜ್ ಕರೆಯನ್ನು ಅಲೋಕೇಶನ್ ಕಡೆಗೆ ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಾ ಹೋಗಿ. ಎಲ್ಲಿ ತಡೆಯುತ್ತದೆಯೋ ಅಲ್ಲಿ ನಿಂತು ‘ಯಾವ ಮಾಹಿತಿ ಇನ್ನೂ ಇಲ್ಲ?’ ಅಂತ ಕೇಳಿ. ಆ ಮಾಹಿತಿ ನಿಜವಾಗಿ ಚಾರ್ಜ್‌ಗೆ ಬೇಕಾ, ಅಥವಾ ಅದರ ಜೊತೆ ಅಂಟಿಕೊಂಡ ಯಾವುದೋ ಅಂಕಿಅಂಶಕ್ಕೆ ಬೇಕಾ? ಎರಡನೆಯದಾದರೆ ಅಂಕಿಅಂಶವನ್ನು ಮೊದಲು ಬೇರ್ಪಡಿಸಿ.

ಹಂತ 4: ಕೌಂಟರ್ ಮತ್ತು ಲಾಕ್

ಹಳೆಯ ‘ರೆಸ್ ಕೌಂಟರ್’ ಬೈಟ್‌ಗಳಲ್ಲಿ ಎಣಿಸುತ್ತಿತ್ತು, ಪ್ರತಿ ಕೌಂಟರ್‌ಗೂ ಒಂದು ಸ್ಪಿನ್‌ಲಾಕ್. ಒಂದು ಚಾರ್ಜ್ ಅಂದರೆ ಮಗುವಿನಿಂದ ಬೇರಿನ ತನಕ ಪ್ರತಿ ಗ್ರೂಪ್‌ನ ಲಾಕ್ ಹಿಡಿದು ಬಿಡುವುದು. 3.19ರ ‘ಪೇಜ್ ಕೌಂಟರ್’ ಪೇಜ್‌ಗಳಲ್ಲಿ ಎಣಿಸುತ್ತದೆ, ಒಂದು ಅಟಾಮಿಕ್ ಸಂಖ್ಯೆ ಅಷ್ಟೇ. ಮೊದಲು ಕೂಡಿಬಿಡುತ್ತದೆ. ಮಿತಿ ದಾಟಿದ್ದರೆ ಕಳೆದು ‘ಆಗಲ್ಲ’ ಅನ್ನುತ್ತದೆ.

ಇದರಲ್ಲಿ ಒಂದು ಸಣ್ಣ ಅನ್ಯಾಯ ಇದೆ. 2 ಎಂಬಿ ಹ್ಯೂಜ್ ಪೇಜ್ ಕೇಳಿದವನು ಕೂಡಿ, ಸೋತು, ಕಳೆಯುವಷ್ಟರಲ್ಲಿ, ಪಕ್ಕದಲ್ಲಿ 4 ಕೆಬಿ ಕೇಳಿದವನಿಗೂ ಜಾಗ ಇಲ್ಲ ಅಂತ ಕಾಣಬಹುದು. ಅವನು ಬೇಡದಿದ್ದರೂ ರಿಕ್ಲೇಮ್‌ಗೆ (ಬಳಸದ ಪೇಜ್ ಬಿಡಿಸಿಕೊಳ್ಳುವ ಕೆಲಸಕ್ಕೆ) ಹೋಗುತ್ತಾನೆ. ಆದರೆ ತಪ್ಪು ಆ ಎರಡು ಗಾತ್ರಗಳ ವ್ಯತ್ಯಾಸಕ್ಕಿಂತ ಜಾಸ್ತಿ ಆಗುವುದಿಲ್ಲ. ಈ ಮಾತನ್ನು ಕೋಡ್‌ನ ಕಾಮೆಂಟ್‌ನಲ್ಲೇ ಬರೆದಿದ್ದಾರೆ. ನೀವೂ ಹಾಗೇ ಮಾಡಿ. ಲಾಕ್ ತೆಗೆಯುವಾಗ ಎಷ್ಟು ನಿಖರತೆ ಬಿಟ್ಟುಕೊಟ್ಟಿರಿ, ಅದರ ಮೇಲ್ಮಿತಿ ಎಷ್ಟು ಅಂತ ಬರೆಯಿರಿ. ಮೇಲ್ಮಿತಿ ಹೇಳಲು ಆಗದಿದ್ದರೆ ಲಾಕ್ ತೆಗೆಯಬೇಡಿ.

ಇನ್ನೊಂದು ಅಂಥದ್ದೇ ಲೆಕ್ಕ: ಪ್ರತಿ ಸಿಪಿಯು ಮುಂಗಡವಾಗಿ 64 ಪೇಜ್ ಚಾರ್ಜ್ ಮಾಡಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತದೆ. 2022ರ ತನಕ ಅದು 32 ಇತ್ತು. 4 ಕೆಬಿ ಪೇಜ್ ಆದರೆ ಸಿಪಿಯುಗೆ 256 ಕೆಬಿ. 32 ಸಿಪಿಯು ಇರುವ ಮಶೀನ್‌ನಲ್ಲಿ 8 ಎಂಬಿ ತನಕ ‘ಬಳಸದೇ ಬಳಸಿದ’ ಲೆಕ್ಕ ತೋರಬಹುದು. ಇದನ್ನು ಬಗ್ ಅಂತ ತಿಳಿದು ಸರಿಪಡಿಸಲು ಹೋಗಬೇಡಿ.

ಸ್ಟ್ರಕ್ಟ್‌ನ ಫೀಲ್ಡ್‌ಗಳ ಕ್ರಮವನ್ನೂ ಸುಮ್ನೆ ಬದಲಿಸಬೇಡಿ. ಸದಾ ಬರೆಯುವ ಫೀಲ್ಡ್ ಮತ್ತು ಸದಾ ಓದುವ ಫೀಲ್ಡ್ ಒಂದೇ ಕ್ಯಾಶ್ ಲೈನ್‌ಗೆ ಬಂದರೆ ವೇಗ ಬೀಳುತ್ತದೆ. ಪಹೋಲ್ ಅನ್ನುವ ಟೂಲ್ ಓಡಿಸಿ, ಬದಲಾವಣೆಗೆ ಮುಂಚೆ ಮತ್ತು ನಂತರದ ಜೋಡಣೆ ಪಕ್ಕಪಕ್ಕ ಇಟ್ಟು ನೋಡಿ.

ಹಂತ 5: ಯಾರೂ ಬಳಸದ ಸೌಲಭ್ಯ

ಒಂದು ಪ್ರೋಸೆಸನ್ನು ಒಂದು ಸಿಗ್ರೂಪ್‌ನಿಂದ ಇನ್ನೊಂದಕ್ಕೆ ಕಳಿಸಿದಾಗ ಅದರ ಹಳೆಯ ಚಾರ್ಜ್‌ಗಳನ್ನೂ ಜೊತೆಗೆ ಸಾಗಿಸುವ ಸೌಲಭ್ಯ ಸಿಗ್ರೂಪ್‌ನ ಮೊದಲ ಆವೃತ್ತಿಯಲ್ಲಿತ್ತು. ಈ ಒಂದು ಸೌಲಭ್ಯಕ್ಕಾಗಿ, ಪೇಜ್‌ನ ಮಾಲೀಕ ಯಾವ ಕ್ಷಣದಲ್ಲಾದರೂ ಬದಲಾಗಬಹುದು ಅನ್ನುವ ಭಯ ಇಡೀ ಕರ್ನಲ್‌ಗೆ. ಪೇಜ್ ಡರ್ಟಿ ಮಾಡುವಾಗ, ರೈಟ್‌ಬ್ಯಾಕ್ ಮಾಡುವಾಗ, ಎಲ್ಲ ಕಡೆ ಒಂದು ವಿಶೇಷ ಲಾಕ್.

ತೆಗೆದ ರೀತಿ ಗಮನಿಸಿ. 2022ರ ಡಿಸೆಂಬರ್‌ನಲ್ಲಿ ಒಂದು ಎಚ್ಚರಿಕೆ ಸಂದೇಶದ ಪ್ಯಾಚ್: ‘ಇದು ಹೋಗಲಿದೆ, ನಿಮಗೆ ಬೇಕಿದ್ದರೆ ತಿಳಿಸಿ’. ಸುಮಾರು ಎರಡು ವರ್ಷ ಕಾದರು. ಆಮೇಲೆ 6.13ರಲ್ಲಿ ಸೌಲಭ್ಯವನ್ನು ತೆಗೆದು, ಅದರ ಹಿಂದೆಯೇ ಆ ಲಾಕನ್ನೂ ತೆಗೆದರು. ಅದಕ್ಕೂ ಮೊದಲು 6.11ರಲ್ಲಿ ಮೊದಲ ಆವೃತ್ತಿಗೆ ಸೇರಿದ ಕೋಡನ್ನೆಲ್ಲ ಬೇರೆ ಫೈಲ್‌ಗೆ ಸಾಗಿಸಿ, ಬೇಕಾದವರು ಮಾತ್ರ ಆನ್ ಮಾಡುವ ಕಾನ್ಫಿಗ್ ಹಿಂದೆ ಇಟ್ಟಿದ್ದರು. ಬಳಕೆದಾರರಿಗೆ ಕಾಣುವ ಯಾವುದನ್ನಾದರೂ ತೆಗೆಯುವುದಿದ್ದರೆ ಇಷ್ಟು ತಾಳ್ಮೆ ಬೇಕೇ ಬೇಕು. ಒಳಗಿನ ಕೋಡ್ ಆದರೆ ಈ ಕಾಯುವಿಕೆ ಬೇಡ.

ಹಂತ 6: ಪರೀಕ್ಷೆ

ನಿಮ್ಮ ಲ್ಯಾಪ್‌ಟಾಪ್ ಸಾಕು. ವರ್ಟ್‌ಮಿ-ಎನ್‌ಜಿ ಹಾಕಿಕೊಂಡರೆ ಬಿಲ್ಡ್ ಮಾಡಿದ ಕರ್ನಲನ್ನು ಕೆಲವೇ ಸೆಕೆಂಡ್‌ಗಳಲ್ಲಿ ವರ್ಚುವಲ್ ಮಶೀನ್‌ನಲ್ಲಿ ಬೂಟ್ ಮಾಡಬಹುದು. ಕಾನ್ಫಿಗ್‌ನಲ್ಲಿ ‘ಡಿಬಗ್ ವಿಎಂ’ ಆನ್ ಇರಲಿ. ಕರ್ನಲ್ ಮೂಲದಲ್ಲೇ ಇರುವ ಸೆಲ್ಫ್‌ಟೆಸ್ಟ್‌ಗಳ ಸಿಗ್ರೂಪ್ ಫೋಲ್ಡರ್‌ನಿಂದ ‘ಟೆಸ್ಟ್ ಮೆಮ್‌ಕಂಟ್ರೋಲ್’ ಮತ್ತು ‘ಟೆಸ್ಟ್ ಕೆಮೆಮ್’ ಎರಡನ್ನೂ ರೂಟ್ ಆಗಿ ಓಡಿಸಿ. ನಿಮ್ಮ ಪ್ಯಾಚ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ಮೊದಲೇ ಫೇಲ್ ಆಗುತ್ತಿದ್ದ ಟೆಸ್ಟ್‌ಗೆ ನೀವು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಆ ಟೆಸ್ಟ್‌ಗಳು ಸಂಖ್ಯೆಗಳನ್ನು ಶೇಕಡಾ ಲೆಕ್ಕದಲ್ಲಿ ಅಂದಾಜಾಗಿ ಹೋಲಿಸುತ್ತವೆ. ಯಾಕೆ ಅನ್ನುವುದು ಮೇಲಿನ 64 ಪೇಜ್‌ನ ಕಿಸೆ ನೋಡಿದವರಿಗೆ ಗೊತ್ತೇ ಇದೆ.

ಅವು ಎಲ್ಲ ಸಲವೂ ಹಿಡಿಯದ ಎರಡು ಥರದ ತಪ್ಪುಗಳಿವೆ.

ಮೊದಲನೆಯದು ಎರಡು ಸಲ ಅನ್‌ಚಾರ್ಜ್ ಆಗುವುದು. ಕೌಂಟರ್ ಸೊನ್ನೆಗಿಂತ ಕೆಳಗೆ ಹೋದರೆ ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಲಾಗ್) ‘ಪೇಜ್ ಕೌಂಟರ್ ಅಂಡರ್‌ಫ್ಲೋ’ ಅಂತ ಬರುತ್ತದೆ. ಆದರೆ ಬೂಟ್‌ಗೆ ಒಂದೇ ಸಲ. ಮತ್ತೆ ಟೆಸ್ಟ್ ಓಡಿಸಿದಾಗ ಸಂದೇಶ ಬರಲಿಲ್ಲ ಅಂತ ಖುಷಿ ಪಡಬೇಡಿ. ಡಿಬಗ್‌ಎಫ್‌ಎಸ್‌ನ ‘ಕ್ಲಿಯರ್ ವಾರ್ನ್ ಒನ್ಸ್’ ಫೈಲ್‌ಗೆ 1 ಬರೆದು, ಅಥವಾ ರೀಬೂಟ್ ಮಾಡಿ, ಆಮೇಲೆ ಓಡಿಸಿ.

ಎರಡನೆಯದು ಅನ್‌ಚಾರ್ಜ್ ಆಗದೇ ಉಳಿಯುವುದು. ಇದು ಸದ್ದು ಮಾಡುವುದಿಲ್ಲ. ಒಂದು ಚಿಕ್ಕ ಶೆಲ್ ಲೂಪ್ ಬರೆಯಿರಿ: ಸಿಗ್ರೂಪ್ ಮಾಡು, ಅದರೊಳಗೆ ಸ್ವಲ್ಪ ಮೆಮೊರಿ ಬಳಸುವ ಪ್ರೋಗ್ರಾಮ್ ಓಡಿಸು, ಅದು ಮುಗಿದಮೇಲೆ ಸಿಗ್ರೂಪ್ ಅಳಿಸು. ನೂರಾರು ಸಲ ತಿರುಗಿಸಿ. ಆಮೇಲೆ ಮೇಲಿನ ಸಿಗ್ರೂಪ್‌ನ ‘ಸಿಗ್ರೂಪ್ ಸ್ಟ್ಯಾಟ್’ ಫೈಲ್‌ನಲ್ಲಿ ಸಾಯುತ್ತಿರುವ ಸಂತತಿ ಎಷ್ಟು ಅಂತ ನೋಡಿ. ಅಳಿಸಿದ ಗ್ರೂಪ್‌ಗೆ ಪ್ರೋಗ್ರಾಮ್‌ನ ಅಥವಾ ಫೈಲ್‌ನ ಒಂದು ಪೇಜ್‌ನ ಚಾರ್ಜ್ ಅಂಟಿಕೊಂಡಿದ್ದರೂ ಅದು ಅಲ್ಲೇ ಉಳಿದಿರಬಹುದು. ತಕ್ಷಣ ಗಾಬರಿ ಬೇಡ, ಪೇಜ್ ಕ್ಯಾಶ್ ಅದನ್ನು ಹಿಡಿದಿಟ್ಟಿರಬಹುದು. ಡ್ರಾಪ್ ಕ್ಯಾಶಸ್‌ಗೆ 3 ಬರೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಪ್ಯಾಚ್ ಇಲ್ಲದ ಕರ್ನಲ್‌ನಲ್ಲಿ ಸಂಖ್ಯೆ ಇಳಿದು, ನಿಮ್ಮದರಲ್ಲಿ ಇಳಿಯದೆ ನಿಂತರೆ ಸೋರಿಕೆ ನಿಮ್ಮದೇ.

ಇದರ ಜೊತೆಗೆ ಮೆಮ್‌ಸಿಜಿ ಆಫ್ ಮಾಡಿ ಒಂದು ಬಿಲ್ಡ್, ಮೊದಲ ಆವೃತ್ತಿ ಆನ್ ಮಾಡಿ ಒಂದು ಬಿಲ್ಡ್, 32 ಬಿಟ್‌ಗೆ ಒಂದು ಬಿಲ್ಡ್. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ, ಹೆಡರ್ ಫೈಲ್‌ನ ಖಾಲಿ ಫಂಕ್ಷನ್ ಬದಲಿಸಲು ಮರೆತು.

ವೇಗಕ್ಕೆ ವಿಲ್-ಇಟ್-ಸ್ಕೇಲ್‌ನ ಪೇಜ್ ಫಾಲ್ಟ್ ಟೆಸ್ಟ್‌ಗಳು ಸಾಕು. ಓದುವ ಕಡೆಯ ಖರ್ಚನ್ನೂ ಅಳೆಯಿರಿ. 5.13ರಲ್ಲಿ ಮೆಮ್‌ಸಿಜಿಯ ಅಂಕಿಅಂಶಗಳು ಆರ್‌ಸ್ಟ್ಯಾಟ್‌ಗೆ (ಪ್ರತಿ ಸಿಪಿಯುನ ಲೆಕ್ಕ ಬೇರೆ ಇಟ್ಟು ಆಮೇಲೆ ಕೂಡಿಸುವ ಸಿಗ್ರೂಪ್ ವ್ಯವಸ್ಥೆ) ಹೋದಾಗ ಬರೆಯುವ ಕಡೆ ಕೋಡ್ ಹಗುರವಾಯಿತು, ಆದರೆ ಓದುವವರು ಎಲ್ಲ ಸಿಪಿಯುಗಳಿಂದ ಲೆಕ್ಕ ಒಟ್ಟು ಮಾಡಬೇಕಾಯಿತು. ಆ ಭಾರ ಇಳಿಸಲು ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ಪ್ಯಾಚ್ ಬರೆಯಬೇಕಾಯಿತು.

ಹಂತ 7: ಪ್ಯಾಚ್ ಒಡೆದು ಕಳಿಸುವುದು

ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ. ಮೂರನೇ ಹಂತದಲ್ಲಿ ನೋಡಿದ ಸರಣಿಯ ಕ್ರಮ ಒಳ್ಳೆಯ ಮಾದರಿ: ಮೊದಲು ಹೊಸ ಫಂಕ್ಷನ್ ಸೇರಿಸಿ ಒಂದು ಕಡೆ ಬಳಸು, ಆಮೇಲೆ ಕೌಂಟರ್‌ಗಳನ್ನು ಒಂದೊಂದಾಗಿ ಬದಲಿಸು, ಆಮೇಲೆ ಉಳಿದ ಜಾಗಗಳಲ್ಲಿ ಬಳಸು, ಕೊನೆಗೆ ಯಾರೂ ಕರೆಯದ ಹಳೆಯ ಫಂಕ್ಷನ್ ಅಳಿಸು. ಪ್ರತಿ ಪ್ಯಾಚ್‌ನ ನಂತರವೂ ಕರ್ನಲ್ ಬಿಲ್ಡ್ ಆಗಬೇಕು, ಬೂಟ್ ಆಗಬೇಕು. ಇಲ್ಲದಿದ್ದರೆ ಮುಂದೆ ಬೈಸೆಕ್ಟ್ ಮಾಡುವವರು ನಿಮ್ಮನ್ನು ಶಪಿಸುತ್ತಾರೆ. ಕೋಡ್ ಸಾಗಿಸುವ ಪ್ಯಾಚ್‌ನಲ್ಲಿ ಒಂದು ಅಕ್ಷರವನ್ನೂ ತಿದ್ದಬೇಡಿ. ಸಾಗಿಸುವುದೇ ಬೇರೆ, ತಿದ್ದುವುದೇ ಬೇರೆ.

ಕಮಿಟ್ ಸಂದೇಶದಲ್ಲಿ ‘ಕೋಡ್ ಸರಳ ಮಾಡಿದೆ’ ಅಂತ ಬರೆದರೆ ಯಾರೂ ಒಪ್ಪುವುದಿಲ್ಲ. ಹಳೆಯ ನಿಯಮ ಏನಿತ್ತು, ಅದಕ್ಕೆ ಯಾವ ಕಾರಣ ಇತ್ತು, ಆ ಕಾರಣ ಯಾವ ಕಮಿಟ್‌ನಿಂದ ಇಲ್ಲವಾಯಿತು, ಇದನ್ನು ಬರೆಯಿರಿ. ಎರಡನೇ ಹಂತದಲ್ಲಿ ಹುಡುಕಿದ್ದು ಈಗ ಕೆಲಸಕ್ಕೆ ಬರುತ್ತದೆ. ಬ್ಲೋಟ್-ಓ-ಮೀಟರ್ ಸ್ಕ್ರಿಪ್ಟ್‌ನ ಫಲಿತಾಂಶ ಸೇರಿಸಿದರೆ ಇನ್ನೂ ಒಳ್ಳೆಯದು, ಯಾವ ಫಂಕ್ಷನ್ ಎಷ್ಟು ಬೈಟ್ ಇಳಿಯಿತು ಅಂತ ಅದು ತೋರಿಸುತ್ತದೆ.

ಚೆಕ್‌ಪ್ಯಾಚ್ ಓಡಿಸಿ. ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳಿದವರಿಗೆಲ್ಲ ಗಿಟ್ ಸೆಂಡ್-ಇಮೇಲ್‌ನಿಂದ ಕಳಿಸಿ. ಒಪ್ಪಿಗೆಯಾದ ಪ್ಯಾಚ್‌ಗಳು ಆಂಡ್ರೂ ಮಾರ್ಟನ್ ಅವರ ಎಂಎಂ ಟ್ರೀ ಮೂಲಕ ಮುಂದೆ ಹೋಗುತ್ತವೆ. ಒಂದು ವಾರ ಉತ್ತರ ಬರದಿದ್ದರೆ ನಯವಾಗಿ ನೆನಪಿಸಬಹುದು. ಮೂರು ದಿನಕ್ಕೆ ಎರಡನೇ ಆವೃತ್ತಿ, ಐದು ದಿನಕ್ಕೆ ಮೂರನೆಯದು ಅಂತ ಸುರಿಯಬೇಡಿ, ಓದುವವರಿಗೂ ಬೇರೆ ಕೆಲಸ ಇರುತ್ತದೆ.

ಕರ್ನಲ್ ಟೆಸ್ಟ್ ರೋಬೋಟ್‌ನಿಂದ ವೇಗ ಇಳಿದಿದೆ ಅಂತ ವರದಿ ಬಂದರೆ ಅದರಲ್ಲೇ ಕಾನ್ಫಿಗ್ ಮತ್ತು ಮತ್ತೆ ಓಡಿಸುವ ವಿಧಾನ ಇರುತ್ತದೆ. ಅದೇ ಕಾನ್ಫಿಗ್‌ನಿಂದ ಬಿಲ್ಡ್ ಮಾಡಿ, ಸಾಧ್ಯವಾದರೆ ಅಷ್ಟೇ ಸಿಪಿಯು ಇರುವ ಮಶೀನ್‌ನಲ್ಲಿ ಓಡಿಸಿ, ಪರ್ಫ್‌ನಲ್ಲಿ ಯಾವ ಫಂಕ್ಷನ್ ಮೇಲೆ ಬಂದಿದೆ ನೋಡಿ. ಲಾಕ್ ಇರದ ಜಾಗದಲ್ಲಿ ಸಮಯ ಹೋಗುತ್ತಿದ್ದರೆ ಮೊದಲು ಸ್ಟ್ರಕ್ಟ್‌ನ ಜೋಡಣೆಯನ್ನು ಅನುಮಾನಿಸಿ. ಪಹೋಲ್ ಫಲಿತಾಂಶವನ್ನು ವರದಿಯ ಉತ್ತರಕ್ಕೇ ಅಂಟಿಸಿ ಕಳಿಸಿ.